ಎರಡೂವರೆ ನಿಮಿಷದ ಲೆಕ್ಕ

ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ಬ್ಯಾಗ್ ಹೆಗಲಿಗೇರಿಸಿ, ಬೆಂಗಳೂರಿನಿಂದ ಮುಳಬಾಗಿಲಿಗೆ ಬೈಕ್‌ನಲ್ಲಿ ಹೊರಡೋದು ನನಗೆ ಐದು ವರ್ಷದ ಅಭ್ಯಾಸ. ಹೊಸಕೋಟೆ ದಾಟಿದ ಮೇಲೆ ಕೈ ತಾನಾಗೇ ಆಕ್ಸಿಲರೇಟರ್ ತಿರುಗಿಸುತ್ತೆ. ನರಸಾಪುರ ಹೋಯ್ತು, ಕೋಲಾರ ಹೋಯ್ತು, ಇನ್ನೇನು ಮನೆ ಬಂತು ಅನ್ನೋ ಲೆಕ್ಕ.

ಹೋದ ತಿಂಗಳು ಹೀಗೇ ಬರ್ತಿದ್ದೆ. ಕೋಲಾರ ಬಿಟ್ಟು ಹದಿನೈದು ಕಿಲೋಮೀಟರ್ ಬಂದಿರಬಹುದು. ಹಳ್ಳಿಗಳಲ್ಲಿ ಡೈರಿಗೆ ಹಾಲು ಹಾಕುವ ಹೊತ್ತು. ಡಿವೈಡರ್ ಸಂದಿಯಿಂದ ಒಬ್ಬ ಅಜ್ಜಿ, ಕೈಯಲ್ಲಿ ಹಾಲಿನ ಕ್ಯಾನು, ಸೀದಾ ರಸ್ತೆಗೆ ಇಳಿದುಬಿಟ್ಟರು. ನನ್ನ ಮೀಟರ್ ಮೇಲೆ 80 ಇತ್ತು. ಎರಡೂ ಬ್ರೇಕ್ ಹಿಡಿದೆ. ಬೈಕು ನಿಂತಾಗ ಅಜ್ಜಿಗೂ ಮುಂದಿನ ಚಕ್ರಕ್ಕೂ ಮಧ್ಯೆ ಒಂದು ಮೊಳ ಜಾಗ. ಕ್ಯಾನು ಕೈಜಾರಿ ಹಾಲೆಲ್ಲ ಟಾರಿನ ಮೇಲೆ.

ಅಜ್ಜಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಚೆನ್ನಾಗಿ ಬೈದರು. ಅದರಲ್ಲಿ ಒಂದು ಮಾತು ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. "ಮನೇಲಿ ಅಂಥ ಅರ್ಜೆಂಟು ಏನಪ್ಪಾ ನಿಂಗೆ?"

ಹಾಲಿನ ದುಡ್ಡು ಕೊಟ್ಟೆ. ಬೇಡ ಬೇಡ ಅಂತಲೇ ತಗೊಂಡರು. ಅಲ್ಲಿಂದ ಮನೆವರೆಗೂ 40ರ ಮೇಲೆ ಓಡಿಸಲಿಲ್ಲ.

ಮಾರನೇ ದಿನ ಶ್ರೀನಿವಾಸಪುರದಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಪ್ಪನ ಮಗಳು, ನಮ್ಮ ಪುಟ್ಟಿ, ಫಸ್ಟ್ ಪಿಯುಸಿ ಸೈನ್ಸ್. ಫಿಸಿಕ್ಸ್ ಪುಸ್ತಕ ತಂದು ಮುಂದೆ ಹಾಕಿದಳು. ಪಾಠ: ಸರಳರೇಖೆಯಲ್ಲಿ ಚಲನೆ. ಒಂದೇ ಪುಟದಲ್ಲಿ ಮೂರು ಸಮೀಕರಣ.

"ಅಣ್ಣ, ಬಾಯಿಪಾಠ ಆಗಿದೆ. ಆದ್ರೆ ಇದು ಜೀವನದಲ್ಲಿ ಎಲ್ಲಿ ಬರುತ್ತೆ ಹೇಳು ನೋಡೋಣ?"

ಬೇರೆ ದಿನ ಆಗಿದ್ದರೆ "ಎಗ್ಸಾಮಲ್ಲಿ ಬರುತ್ತೆ, ಓದು" ಅಂತಿದ್ದೆ. ಆವತ್ತು ನನ್ನ ಹತ್ತಿರ ಉತ್ತರ ಇತ್ತು. ಅದಕ್ಕೆ ಮುಂಚೆ ನಾನೇ ಹನ್ನೆರಡು ವರ್ಷದ ಹಿಂದೆ ಮರೆತಿದ್ದನ್ನು ಮತ್ತೆ ಕಲಿಯಬೇಕಿತ್ತು. ನಿಮಗೂ ಮರೆತಿದ್ದರೆ ಬನ್ನಿ, ಒಟ್ಟಿಗೆ ಕಲಿಯೋಣ.

ಮಾಲೂರಿನ ರೈಲು

ಕೆಲಸ ಸಿಕ್ಕ ಹೊಸದರಲ್ಲಿ ನಾನು ಮಾಲೂರಿನಲ್ಲಿ ರೂಮು ಮಾಡಿಕೊಂಡು ರೈಲಿನಲ್ಲಿ ಬೆಂಗಳೂರಿಗೆ ಓಡಾಡ್ತಿದ್ದೆ. ಪ್ಲಾಟ್‌ಫಾರ್ಮ್ ಬಿಡುವಾಗ ರೈಲು ಎಷ್ಟು ನಿಧಾನ ಅಂದ್ರೆ, ಟೀ ಮಾರುವವರು ಪಕ್ಕದಲ್ಲೇ ನಡೆಯುತ್ತ ಚಿಲ್ಲರೆ ವಾಪಸ್ ಕೊಡ್ತಿದ್ದರು. ಸ್ವಲ್ಪ ಹೊತ್ತಿಗೆ ಓಡಬೇಕಾಗ್ತಿತ್ತು. ಆಮೇಲೆ ಓಡಿದರೂ ಸಿಗದು.

ಆ ರೈಲು ಪ್ರತಿ ಸೆಕೆಂಡಿಗೂ ತನ್ನ ವೇಗಕ್ಕೆ ಅರ್ಧ ಮೀಟರ್/ಸೆಕೆಂಡ್ ಸೇರಿಸಿಕೊಳ್ಳುತ್ತೆ ಅಂತ ಇಟ್ಟುಕೊಳ್ಳೋಣ. ಪ್ರತಿ ಸೆಕೆಂಡಿಗೂ ಅಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದಕ್ಕೇ ಏಕರೂಪ ವೇಗೋತ್ಕರ್ಷ ಅನ್ನೋದು. 40 ಸೆಕೆಂಡಿಗೆ ವೇಗ 20 ಮೀಟರ್/ಸೆಕೆಂಡ್, ಅಂದರೆ ಗಂಟೆಗೆ 72 ಕಿಲೋಮೀಟರ್. ಮೊದಲ ಸಮೀಕರಣ ಹೇಳೋದು ಇಷ್ಟೇ: ಈಗಿನ ವೇಗ ಎಂದರೆ ಶುರುವಿನ ವೇಗಕ್ಕೆ, ಸೆಕೆಂಡಿಗೆ ಇಷ್ಟರಂತೆ ಕೂಡುತ್ತಾ ಬಂದದ್ದನ್ನು ಸೇರಿಸಿ.

ಹಾಗಾದರೆ ಆ 40 ಸೆಕೆಂಡಿನಲ್ಲಿ ರೈಲು ಎಷ್ಟು ದೂರ ಹೋಯ್ತು? ಸೊನ್ನೆಯಿಂದ 20ಕ್ಕೆ ಒಂದೇ ಸಮನೆ ಏರಿದೆ, ಅಂದಮೇಲೆ ಸರಾಸರಿ ವೇಗ 10. ಹತ್ತು ಇಂಟು ನಲವತ್ತು, 400 ಮೀಟರ್. ಈ ಸರಳ ಉಪಾಯವನ್ನು 14ನೇ ಶತಮಾನದಲ್ಲೇ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು ಕಂಡುಕೊಂಡಿದ್ದರು. ಫ್ರಾನ್ಸಿನ ನಿಕೋಲ್ ಒರೆಮ್ ಅದನ್ನು ಚಿತ್ರ ಬರೆದು ತೋರಿಸಿದರು: ಕೆಳಗೆ ಕಾಲ, ಪಕ್ಕದಲ್ಲಿ ವೇಗ, ಮಧ್ಯೆ ಒಂದು ಓರೆ ಗೆರೆ. ಆ ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣವೇ ದೂರ. ನಾವು ಗ್ರಾಫ್ ಶೀಟಿನಲ್ಲಿ ಪೆನ್ಸಿಲ್ ಹಿಡಿದು ಮಾಡಿದ್ದು ಅದನ್ನೇ.

"ಅಂದ್ರೆ ಮೂರು ಫಾರ್ಮುಲಾ ಬೇಕಾಗೇ ಇಲ್ಲ, ಎರಡು ಸಾಕು" ಅಂದಳು ಪುಟ್ಟಿ. ನಿಜ. ಒಂದು, ವೇಗ ಸಮನಾಗಿ ಏರುತ್ತೆ. ಎರಡು, ದೂರ ಅಂದರೆ ಸರಾಸರಿ ವೇಗ ಇಂಟು ಕಾಲ. ಇವೆರಡನ್ನೂ ಸೇರಿಸಿ ಕಾಲವನ್ನು ತೆಗೆದುಹಾಕಿದರೆ ಬರೋದೇ ಎಲ್ಲರೂ ಬಾಯಿಪಾಠ ಮಾಡಿದ 'ವಿ ಸ್ಕ್ವೇರ್ ಈಕ್ವಲ್ಸ್ ಯು ಸ್ಕ್ವೇರ್ ಪ್ಲಸ್ ಟೂ ಎ ಎಸ್'. ನನ್ನ ಹಾಲಿನ ಅಜ್ಜಿಯ ಕಥೆ ಪೂರ್ತಿ ಇರೋದು ಆ 'ಸ್ಕ್ವೇರ್'ನಲ್ಲಿ.

ತಾತನ ಬಾವಿ

ಅದಕ್ಕೂ ಮುಂಚೆ ಒಂದು ಬಾವಿ. ನಮ್ಮ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದ ಕಾಲ ಇದು, ತೆರೆದ ಬಾವಿಗಳೆಲ್ಲ ಒಣಗಿ ಕೂತಿವೆ. ತಾತನ ತೋಟದಲ್ಲೂ ಒಂದಿತ್ತು. ಚಿಕ್ಕವರಿದ್ದಾಗ ಕಲ್ಲು ಹಾಕಿ 'ಟಪ್' ಅನ್ನೋವರೆಗೆ ಎಣಿಸೋದು ನಮ್ಮ ಆಟ.

ಆ ಆಟದಲ್ಲಿ ಫಿಸಿಕ್ಸ್ ಇದೆ. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತೆ. ಎರಡನೇ ಸೆಕೆಂಡಿನಲ್ಲಿ 14.7. ಮೂರನೇದರಲ್ಲಿ 24.5. ಭಾಗಿಸಿ ನೋಡಿ: ಒಂದು, ಮೂರು, ಐದು. ಬೆಸಸಂಖ್ಯೆಗಳ ಸಾಲು! ಎರಡು ಎಣಿಸುವಷ್ಟರಲ್ಲಿ ಸದ್ದು ಬಂದರೆ ಬಾವಿ ಸುಮಾರು 20 ಮೀಟರ್, ಮೂರು ಎಣಿಸಿದರೆ 44 ಮೀಟರ್.

ಈ ಬೆಸಸಂಖ್ಯೆಯ ಸಾಲನ್ನು ಹಿಡಿದವನು ಗೆಲಿಲಿಯೊ. ನೇರವಾಗಿ ಬೀಳುವುದನ್ನು ಅಳೆಯೋಕೆ ಅವನ ಹತ್ತಿರ ಒಳ್ಳೆ ಗಡಿಯಾರ ಇರಲಿಲ್ಲ. ಅದಕ್ಕೆ ಇಳಿಜಾರು ಹಲಗೆಯಲ್ಲಿ ಗಾಡಿ ಕೊರೆದು ಗುಂಡು ಉರುಳಿಸಿದ, ಸಣ್ಣ ಕೊಳವೆಯಿಂದ ಸೋರಿದ ನೀರನ್ನು ತೂಗಿ ಕಾಲ ಲೆಕ್ಕ ಹಾಕಿದ. ಆ ವಿವರಗಳಿರುವ ಪುಸ್ತಕ ಅಚ್ಚಾದದ್ದು 1638ರಲ್ಲಿ. ನಮ್ಮ ಕೈಯಲ್ಲಿ ಸ್ಲೋ ಮೋಷನ್ ಕ್ಯಾಮೆರಾ ಇರುವ ಫೋನಿದೆ. ಭಾನುವಾರ ಒಂದು ಹಲಗೆ, ಒಂದು ಗೋಲಿ ಸಾಕು, ಮಕ್ಕಳ ಜೊತೆ ನೀವೂ ಮಾಡಬಹುದು.

"ಹಂಗಾದ್ರೆ ಕೆಜಿಎಫ್ ಗಣಿಗೆ ಕಲ್ಲು ಹಾಕಿದ್ರೆ?" ಪುಟ್ಟಿಯ ಮುಂದಿನ ಪ್ರಶ್ನೆ.

ಒಳ್ಳೆ ಪ್ರಶ್ನೆ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಭಾಗ 3 ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳವೂ ಒಂದೇ ನೇರ ಬಾವಿಯಲ್ಲ, ಹಂತಹಂತವಾಗಿ ಇಳಿಯಬೇಕು. ನೇರ ಇದ್ದರೆ ಅಂತ ಲೆಕ್ಕ ಹಾಕಿದರೆ, ಕಲ್ಲು ತಳ ಮುಟ್ಟೋಕೆ ಸುಮಾರು 25 ಸೆಕೆಂಡು, ಆಗಿನ ವೇಗ ಗಂಟೆಗೆ 870 ಕಿಲೋಮೀಟರ್. ವಿಮಾನದ ವೇಗ! ನಿಜವಾಗಿ ಹಾಗಾಗಲ್ಲ. ಗಾಳಿ ಅಡ್ಡ ಬರುತ್ತೆ, ಸ್ವಲ್ಪ ಹೊತ್ತಿಗೆ ವೇಗ ಏರೋದೇ ನಿಲ್ಲುತ್ತೆ. ವೇಗೋತ್ಕರ್ಷ ಒಂದೇ ಸಮ ಇರುವಷ್ಟು ಹೊತ್ತು ಮಾತ್ರ ಈ ಸಮೀಕರಣಗಳು ನಡೆಯುತ್ತವೆ. ಕಲ್ಲು ಬಾವಿಯೊಳಗೆ ಬೀಳುವಾಗ ನಡೆಯುತ್ತವೆ. ಬ್ರೇಕ್ ಹಿಡಿದ ಬೈಕಿಗೂ ಹೆಚ್ಚುಕಡಿಮೆ ನಡೆಯುತ್ತವೆ.

80ಕ್ಕೂ 90ಕ್ಕೂ ಎಷ್ಟು ವ್ಯತ್ಯಾಸ?

ಬ್ರೇಕ್ ಹಿಡಿಯೋದು ಅಂದರೆ ಬಾವಿಯ ಕಲ್ಲಿನ ಕಥೆಯನ್ನು ಹಿಂದುಮುಂದು ಮಾಡಿದ ಹಾಗೆ. ಒಣ ರಸ್ತೆ, ಒಳ್ಳೆ ಟೈರು, ಎರಡೂ ಬ್ರೇಕು ಚೆನ್ನಾಗಿ ಹಿಡಿದರೆ ಪ್ರತಿ ಸೆಕೆಂಡಿಗೂ 5 ಮೀಟರ್/ಸೆಕೆಂಡ್ ವೇಗ ಕಳೆಯುತ್ತೆ ಅಂತ ತಗೊಳ್ಳೋಣ. ಗಂಟೆಯ ಲೆಕ್ಕದಲ್ಲಿ ಸೆಕೆಂಡಿಗೆ 18 ಕಿಲೋಮೀಟರ್. ಗಂಟೆಗೆ 80 ಕಿಲೋಮೀಟರಿನಲ್ಲಿದ್ದ ನನ್ನ ಬೈಕು ಒಂದು ಸೆಕೆಂಡಾದ ಮೇಲೆ 62, ಆಮೇಲೆ 44, ಆಮೇಲೆ 26, ಆಮೇಲೆ 8, ಆಮೇಲೆ ಸೊನ್ನೆ. ವೇಗ ಇಳಿಯೋದು ಸಮನಾಗಿ. ಆದರೆ ಆ ಒಂದೊಂದು ಸೆಕೆಂಡಿನಲ್ಲಿ ಹೋದ ದೂರ ನೋಡಿ: 19.7 ಮೀಟರ್, 14.7, 9.7, 4.7, ಕೊನೆಗೆ ಅರ್ಧ ಮೀಟರ್. ಒಟ್ಟು 49 ಮೀಟರ್. ಜಾಗವನ್ನೆಲ್ಲ ಮೊದಲೆರಡು ಸೆಕೆಂಡೇ ನುಂಗಿಬಿಡುತ್ತೆ. ನಿಲ್ಲೋಕೆ ಇನ್ನು 10 ಮೀಟರ್ ಬಾಕಿ ಇರುವಾಗಲೂ ಬೈಕಿನ ವೇಗ ಗಂಟೆಗೆ 36 ಕಿಲೋಮೀಟರ್!

ಬ್ರೇಕಿನ ದೂರ ವೇಗದ ವರ್ಗದ ಜೊತೆ ಏರುತ್ತೆ. 40ರಲ್ಲಿ 12 ಮೀಟರ್, 80ರಲ್ಲಿ 49. ವೇಗ ಎರಡರಷ್ಟು, ದೂರ ನಾಲ್ಕರಷ್ಟು.

ಇದರ ಜೊತೆಗೆ ಇನ್ನೊಂದಿದೆ. ಕಣ್ಣು ನೋಡಿ, ತಲೆಗೆ ಹೊಳೆದು, ಕೈಕಾಲು ಬ್ರೇಕ್ ಒತ್ತೋವರೆಗೆ ಬೈಕು ಹಳೇ ವೇಗದಲ್ಲೇ ಓಡ್ತಿರುತ್ತೆ. ತುಂಬ ಎಚ್ಚರವಾಗಿದ್ದರೂ ಒಂದು ಸೆಕೆಂಡು ಬೇಕು ಅಂತಿಟ್ಟುಕೊಳ್ಳಿ. 80ರಲ್ಲಿ ಆ ಒಂದು ಸೆಕೆಂಡಿಗೆ 22 ಮೀಟರ್. ಹಾಗಾಗಿ ಒಟ್ಟು 72 ಮೀಟರ್. ಇದೇ ಲೆಕ್ಕ 60ರಲ್ಲಿ 44 ಮೀಟರ್, 90ರಲ್ಲಿ 87, 100ರಲ್ಲಿ 105.

ಈಗ ಆ ಸಂಜೆಗೆ ವಾಪಸ್ ಬನ್ನಿ. ಅಜ್ಜಿ ಕಂಡಾಗ ನಮ್ಮ ಮಧ್ಯೆ ಸುಮಾರು 72 ಮೀಟರ್ ಇತ್ತು ಅಂತಾಯ್ತು. ನಾನು 80ರ ಬದಲು 90ರಲ್ಲಿ ಇದ್ದಿದ್ದರೆ? ಆ ರಸ್ತೆಯಲ್ಲಿ ನಾನು 90 ಹೋಗದ ದಿನವೇ ಕಡಿಮೆ.

ಮೊದಲ ಸೆಕೆಂಡಿಗೇ 25 ಮೀಟರ್ ಹೋಯ್ತು. ಬ್ರೇಕಿಗೆ ಉಳಿದಿದ್ದು 47 ಮೀಟರ್. ಬೇಕಾಗಿದ್ದು 62. ಪುಟ್ಟಿಯ ನೋಟ್‌ಬುಕ್ಕಿನಲ್ಲೇ ಮೂರನೇ ಸಮೀಕರಣ ಹಾಕಿದೆ. 25ರ ವರ್ಗ 625. ಅದರಲ್ಲಿ 10 ಇಂಟು 46.6 ಕಳೆದರೆ 159. ವರ್ಗಮೂಲ 12.6. ಗಂಟೆಗೆ 45 ಕಿಲೋಮೀಟರ್.

ಪೆನ್ನು ಕೆಳಗಿಟ್ಟೆ. 10 ಕಿಲೋಮೀಟರ್ ಹೆಚ್ಚು ವೇಗ ಅಂದರೆ ಅಜ್ಜಿಗೆ ಹತ್ತರ ವೇಗದಲ್ಲಿ ತಾಗ್ತಿತ್ತು, ಮಂಡಿ ತರಚ್ತಿತ್ತು ಅಂತ ನನ್ನ ಮನಸ್ಸು ಎಲ್ಲೋ ಅಂದುಕೊಂಡಿತ್ತು. ಅಲ್ಲ. 80ರಲ್ಲಿ ಸೊನ್ನೆ ಆಗೋ ಜಾಗದಲ್ಲೇ 90ರಲ್ಲಿ 45. ಕಲ್ಲಿನ ಲೆಕ್ಕದಲ್ಲಿ ಹೇಳೋದಾದರೆ, 8 ಮೀಟರ್ ಎತ್ತರದಿಂದ ಬಿದ್ದಾಗ ನೆಲ ಮುಟ್ಟುವ ವೇಗ ಅದು. 26 ಅಡಿ ಬಾವಿ. ಒಣ ಬಾವಿ.

ಪುಟ್ಟಿ ನೋಟ್‌ಬುಕ್ ತನ್ನ ಕಡೆ ಎಳ್ಕೊಂಡು ಇನ್ನೊಂದು ಸಲ ಲೆಕ್ಕ ಮಾಡಿದಳು. ಅಷ್ಟೇ ಬಂತು.

ಆಮೇಲೆ ಅವಳೇ ಕೇಳಿದಳು, "90ರಲ್ಲಿ ಹೋದ್ರೆ ಎಷ್ಟು ಬೇಗ ಮನೆ ಸೇರ್ತೀಯ?" ಕೋಲಾರದಿಂದ ಮುಳಬಾಗಿಲು ಹೆಚ್ಚುಕಡಿಮೆ 30 ಕಿಲೋಮೀಟರ್. 80ರಲ್ಲಿ ಇಪ್ಪತ್ತೆರಡೂವರೆ ನಿಮಿಷ. 90ರಲ್ಲಿ ಇಪ್ಪತ್ತು. ಉಳಿಯೋದು ಎರಡೂವರೆ ನಿಮಿಷ. ಮುಳಬಾಗಿಲು ದೋಸೆ ಒಂದು ಬೇಯೋಕೂ ಸಾಲದ ಹೊತ್ತು. ಕಾಲದ ಲಾಭ ಚೂರು ಚೂರೇ ಸಿಗುತ್ತೆ, ಅಪಾಯ ಮಾತ್ರ ವರ್ಗವಾಗಿ ಬೆಳೆಯುತ್ತೆ.

ಚಿಕ್ಕಪ್ಪನ ಗ್ಯಾಪು

ಇಷ್ಟು ಹೊತ್ತಿಗೆ ಚಿಕ್ಕಪ್ಪ ಬಂದು ಜಗಲಿ ಮೇಲೆ ಕೂತಿದ್ದರು. ಅವರದ್ದೊಂದು ಪಿಕಪ್ ಗಾಡಿ ಇದೆ. ಟೊಮ್ಯಾಟೊ ಕಾಲದಲ್ಲಿ ರೈತರ ಮಾಲು ತುಂಬ್ಕೊಂಡು ಕೋಲಾರದ ಎಪಿಎಂಸಿಗೆ ಹೋಗ್ತಾರೆ. 15 ಕೆಜಿಯ ಬಾಕ್ಸು, ಒಂದರ ಮೇಲೊಂದು.

"ನಿಮ್ಮ ಲೆಕ್ಕ ನಂಗೆ ಗೊತ್ತಿಲ್ಲ ಕಣಪ್ಪಾ. ಲೋಡ್ ಇದ್ದಾಗ ನಾನು ಗಕ್ಕನೆ ಬ್ರೇಕ್ ಹಿಡಿಯಲ್ಲ. ಹಿಡಿದ್ರೆ ಮೇಲಿನ ಬಾಕ್ಸು ಮುಂದಕ್ಕೆ ಬರ್ತಾವೆ, ಹಣ್ಣು ಜಜ್ಜೋಗುತ್ತೆ. ಅದಕ್ಕೇ ಮುಂದಿನ ಗಾಡಿಗೆ ದೂರ ಬಿಟ್ಟು ಹೋಗ್ತೀನಿ. ಆ ದೂರ ಬಿಟ್ರೆ ಸಾಕು, ನಿಮ್ಮಂಥ ಬೈಕ್‌ನೋರು ಬಂದು ನುಗ್ತೀರ."

ಅವರ ಮಾತನ್ನೂ ಅಂಕಿಗೆ ಇಳಿಸಿದೆವು. ಹಣ್ಣು ಜಜ್ಜದ ಹಾಗೆ ಸೆಕೆಂಡಿಗೆ 2 ಮೀಟರ್/ಸೆಕೆಂಡ್ ಮಾತ್ರ ಕಳೆದರೆ, 60ರ ವೇಗದಲ್ಲಿ ಬ್ರೇಕಿಗೇ 69 ಮೀಟರ್ ಬೇಕು. ನನ್ನ ಬೈಕಿಗೆ ಸಾಕಾಗೋದು 28. ಪುಸ್ತಕದ ಪ್ರಕಾರ ಟೈರಿನ ಘರ್ಷಣೆ ಒಂದೇ ಇದ್ದರೆ ತೂಕ ಎಷ್ಟಿದ್ದರೂ ನಿಲ್ಲುವ ದೂರ ಒಂದೇ. ಆದರೆ ರಸ್ತೆಯಲ್ಲಿ ಲೋಡ್ ಗಾಡಿಯ ಬ್ರೇಕು ಬಿಸಿಯಾಗುತ್ತೆ, ಮಾಲು ಜರುಗುತ್ತೆ. ಡ್ರೈವರ್ ಪೂರ್ತಿ ಬ್ರೇಕ್ ಹಿಡಿಯೋ ಹಾಗೇ ಇರಲ್ಲ.

ಅಂದರೆ ಲಾರಿ ಮುಂದೆ ಕಾಣುವ ಆ ಜಾಗ ಖಾಲಿ ಜಾಗ ಅಲ್ಲ. ಅದು ಅವರ ಬ್ರೇಕು. ನಾವು ಅದರೊಳಗೆ ನುಗ್ಗಿದಾಗ ಅವರ ಬ್ರೇಕನ್ನು ಅರ್ಧ ಕಿತ್ತುಕೊಂಡು, ಅದೇ ಗಾಡಿಯ ಮುಂದೆ ಹೋಗಿ ನಿಲ್ಲುತ್ತೇವೆ. ಇದು ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಚಿಕ್ಕಪ್ಪ ಇನ್ನೊಂದು ಸೇರಿಸಿದರು. "ರಾಗಿ ಕಾಲ ಬರಲಿ, ಆಗ ನೋಡು." ನಿಜ. ಕೊಯ್ಲಾದ ಮೇಲೆ ನಮ್ಮ ಹಳ್ಳಿ ರಸ್ತೆಗಳೇ ಕಣ. ರಾಗಿ ತೆನೆ, ಹುರುಳಿ ಹರಡಿರ್ತಾರೆ, ಗಾಡಿ ಓಡಾಡಿ ಒಕ್ಕಣೆ ಆಗಲಿ ಅಂತ. ಹುಲ್ಲಿನ ಮೇಲೆ, ಕಾಳಿನ ಮೇಲೆ ಟೈರಿಗೆ ಹಿಡಿತ ಎಲ್ಲಿ? ಹಿಡಿತ ಅರ್ಧ ಆಯ್ತು ಅಂದರೆ 80ರಲ್ಲಿ ಒಟ್ಟು 72 ಮೀಟರ್ ಇದ್ದದ್ದು 121 ಆಗುತ್ತೆ. ಮೊದಲ ಮಳೆಯಲ್ಲಿ ನೆನೆದ ರಸ್ತೆಯಲ್ಲೂ, ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಮಣ್ಣು ಸಾಗಿಸುವ ಟ್ರಾಕ್ಟರ್ ಚೆಲ್ಲಿದ ಮಣ್ಣಿನ ಮೇಲೂ ಹಿಡಿತ ಹೀಗೇ ಕೈಕೊಡುತ್ತೆ.

ಒಂದು ಸ್ಕೇಲು, ಒಂದು ಮೈಲಿಗಲ್ಲು

ನಿಮಗೂ ಎರಡು ಸಣ್ಣ ಪ್ರಯೋಗ ಹೇಳ್ತೀನಿ. ದುಡ್ಡು ಖರ್ಚಿಲ್ಲ.

ಮೊದಲನೇದು, ಸ್ಕೇಲು. 30 ಸೆಂಟಿಮೀಟರ್ ಸ್ಕೇಲನ್ನು ಇನ್ನೊಬ್ಬರು ಮೇಲಿಂದ ತೂಗಿ ಹಿಡಿಯಲಿ. ಸೊನ್ನೆ ಇರುವ ತುದಿಯ ಪಕ್ಕ ನಿಮ್ಮ ಹೆಬ್ಬೆರಳು ತೋರುಬೆರಳು ಅಗಲಿಸಿ ಇಡಿ. ಅವರು ಹೇಳದೆ ಬಿಡಬೇಕು, ನೀವು ಹಿಡಿಯಬೇಕು. 20 ಸೆಂಟಿಮೀಟರ್ ಹತ್ತಿರ ಹಿಡಿದರೆ ನಿಮ್ಮ ಪ್ರತಿಕ್ರಿಯೆಗೆ 0.2 ಸೆಕೆಂಡು ಹಿಡಿದಿದೆ. ಬಾವಿಯ ಕಲ್ಲಿನ ಅದೇ ಲೆಕ್ಕ ಇದು. ಈಗ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಮೆಸೇಜ್ ಓದುತ್ತಾ ಮಾಡಿ. ನನ್ನ ಕೈಗೆ ಮೂರು ಸಲವೂ ಸ್ಕೇಲ್ ಸಿಗಲೇ ಇಲ್ಲ. ಪುಟ್ಟಿ ಬಿದ್ದೂ ಬಿದ್ದೂ ನಕ್ಕಳು.

ಇಲ್ಲಿ ನೀವು ಕಾಯ್ತಾ ಕೂತಿರ್ತೀರ, ಬೆರಳು ರೆಡಿ ಇರುತ್ತೆ. ರಸ್ತೆಯಲ್ಲಿ ಯಾರೂ ಕಾಯ್ತಾ ಕೂತಿರಲ್ಲ. ಅದಕ್ಕೇ ನಮ್ಮ ದೇಶದ ರಸ್ತೆಗಳ ವಿನ್ಯಾಸಕ್ಕೆ ನಿಯಮ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್, ಚಾಲಕರಿಗೆ ಇದಕ್ಕೆ 2.5 ಸೆಕೆಂಡು ಬೇಕು ಅಂತ ಲೆಕ್ಕ ಹಿಡಿಯುತ್ತೆ. ನಾನು ಹಿಡಿದ ಒಂದು ಸೆಕೆಂಡು ನನ್ನ ಮೇಲಿನ ಪ್ರೀತಿಗೆ ಹಿಡಿದದ್ದು. ನಿಜವಾದ ಲೆಕ್ಕ ಇನ್ನೂ ಕೆಟ್ಟದಾಗಿರಬಹುದು.

ಎರಡನೇದು, ಮೈಲಿಗಲ್ಲು. ಮುಂದಿನ ಗಾಡಿ ಒಂದು ಮೈಲಿಗಲ್ಲೋ ದೀಪದ ಕಂಬವೋ ದಾಟಿದ ಕ್ಷಣದಿಂದ ಎಣಿಸಿ. ನೀವು ಅದನ್ನು ದಾಟುವಾಗ ಎರಡು ಸೆಕೆಂಡಾದರೂ ಆಗಿರಬೇಕು. ಮಳೆ ಇದ್ದರೆ ನಾಲ್ಕು. ಕಡಿಮೆ ಇದ್ದರೆ ಹಿಂದೆ ಸರಿಯಿರಿ. ಮೀಟರ್ ಅಳೆಯೋದು ಬೇಡ, ವೇಗ ಹೆಚ್ಚಾದ ಹಾಗೆ ಅದೇ ಎರಡು ಸೆಕೆಂಡು ತಾನಾಗೇ ಹೆಚ್ಚು ಮೀಟರ್ ಆಗುತ್ತೆ.

ಪುಟ್ಟಿಗೆ ಸೋಮವಾರ ಟೆಸ್ಟ್ ಇತ್ತು. ಚೆನ್ನಾಗಿ ಬರೆದಳಂತೆ. ಅದರ ಜೊತೆ ಇನ್ನೊಂದು ಕೆಲಸ ಮಾಡಿದ್ದಾಳೆ. ಚಿಕ್ಕಪ್ಪನ ಗಾಡಿಯ ಡ್ಯಾಶ್‌ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ದಾಳೆ: 40ಕ್ಕೆ ಇಷ್ಟು, 60ಕ್ಕೆ ಇಷ್ಟು, 80ಕ್ಕೆ ಇಷ್ಟು ಮೀಟರ್. ಚಿಕ್ಕಪ್ಪ "ನಂಗ್ಯಾಕೆ ಇದು" ಅಂತ ಗೊಣಗ್ತಾರೆ, ಕಿತ್ತು ಹಾಕಿಲ್ಲ.

ನಾನೂ ಈಗ ಆ ರಸ್ತೆಯಲ್ಲಿ 60 ದಾಟಲ್ಲ. ಡಿವೈಡರ್ ಸಂದಿ ಕಂಡ ಕಡೆ ಇನ್ನೂ ನಿಧಾನ. ಮೊನ್ನೆ ಶುಕ್ರವಾರ ಅದೇ ಜಾಗದಲ್ಲಿ ಅದೇ ಅಜ್ಜಿ ಕ್ಯಾನು ಹಿಡಿದು ಅಂಚಿನಲ್ಲಿ ನಿಂತಿದ್ದರು. ಆರಾಮವಾಗಿ ಬೈಕ್ ನಿಲ್ಲಿಸಿ ಕೈ ತೋರಿಸಿದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಸಿಗದಿದ್ದೇ ಒಳ್ಳೇದಾಯ್ತು. ತಮ್ಮ ಪಾಡಿಗೆ ರಸ್ತೆ ದಾಟಿ ಡೈರಿ ಕಡೆ ಹೋದರು. ಮನೆ ಸೇರುವಾಗ ಒಂದಷ್ಟು ನಿಮಿಷ ತಡ. ಅಮ್ಮ ದೋಸೆಗೆ ಕಾವಲಿ ಇನ್ನೂ ಇಟ್ಟಿರಲೇ ಇಲ್ಲ.